ಕೇಳಿ ಪಡೆದ ಭಾನುವಾರಗಳು

ಹಾರಾಟವಿಲ್ಲದ ದಿನ ಯೂನಿಫಾರ್ಮ್ ತೊಡುವುದು ಅವಳಿಗೆ ಮೊದಲಿನಿಂದಲೂ ಆಗದು. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಹೆಗಲಿಗೆ ಕಪ್ಪು ಪಟ್ಟಿಗಳನ್ನು ಸಿಕ್ಕಿಸುತ್ತ, ಒಂದೊಂದರ ಮೇಲೂ ಮೂರು ಹೊನ್ನಿನ ಗೆರೆ, ಎಷ್ಟೋ ವರ್ಷದಿಂದ ಮೂರೇ, ನಾಲ್ಕನೆಯದು ಕ್ಯಾಪ್ಟನ್ ಆದವರಿಗೆ, ಜ್ವರ ಅಂತ ಹೇಳಿಬಿಡಬಹುದಿತ್ತು ಎಂದುಕೊಂಡಳು. ಹೊಸದಾಗಿ ಸೇರಿದ ಪೈಲಟ್‌ಗಳಿಗೆ ಶೆಡ್ಯೂಲಿನ ಬಗ್ಗೆ, ಮುಂದೆ ಮೇಲೇರುವ ದಾರಿಯ ಬಗ್ಗೆ ಪ್ರತಿ ಬ್ಯಾಚಿಗೂ ಪಾಠ ಮಾಡುತ್ತಿದ್ದ ಹಿರಿಯ ಕ್ಯಾಪ್ಟನ್ ಸೊಂಟ ಹಿಡಿದು ಮಲಗಿದ್ದರು. ‘ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು ಮೇಡಂ, ಫಸ್ಟ್ ಆಫೀಸರ್‌ಗಳ ಪೈಕಿ ನೀವು ತುಂಬ ಹಳಬರು’ ಎಂದಿದ್ದ ಟ್ರೇನಿಂಗ್ ಆಫೀಸಿನವನು ಫೋನಿನಲ್ಲಿ. ಹಳಬರು ಎನ್ನುವಾಗ ಅವನ ದನಿಯಲ್ಲಿ ಗೌರವವಿತ್ತೋ ಕನಿಕರವಿತ್ತೋ ತಿಳಿಯಲಿಲ್ಲ. ‘ಯೂನಿಫಾರ್ಮಲ್ಲೇ ಬನ್ನಿ, ಹೊಸಬರ ಮುಂದೆ ನಿಲ್ಲೋದು, ಸ್ವಲ್ಪ ಕಳೆ ಇರಲಿ.’ ಅವಳು ಹೂಂ ಎಂದಿದ್ದಳು. ಹೂಂ ಎಂದ ಮೇಲೆ ನೆನಪಾಯಿತು, ಆ ಹೊಸಬರಲ್ಲಿ ಗಿಣಿಯೂ ಇದ್ದಾಳೆಂದು.

ಗಿಣಿ ಗಂಡನ ಅಕ್ಕನ ಮಗಳು. ಚಿಕ್ಕಂದಿನಲ್ಲಿ ಬಾಯಿ ಮುಚ್ಚದೆ ಮಾತಾಡುತ್ತಿದ್ದಳೆಂದು ಬಿದ್ದ ಹೆಸರು. ಇಪ್ಪತ್ಮೂರು ತುಂಬಿದರೂ ಹೋಗಿಲ್ಲ. ಟ್ರೇನಿಂಗ್ ಮುಗಿಯುವವರೆಗೆ ಇಲ್ಲೇ ಇರಲಿ ಎಂದು ಅತ್ತೆಯೇ ಹಟ ಹಿಡಿದು ಕರೆಸಿಕೊಂಡಿದ್ದರು, ಮೊಮ್ಮಗಳಲ್ಲವೇ. ಈಗ ಅವಳು ಊಟದ ಮೇಜಿನ ತುದಿಯಲ್ಲಿ ಕೂತು, ಕೊರಳಿನ ಟೈ ಮೂರನೇ ಸಲ ಬಿಚ್ಚಿ ಕಟ್ಟುತ್ತಿದ್ದಳು. ಅತ್ತೆ ಅಡುಗೆಮನೆಯಿಂದಲೇ ಕೂಗಿ ಹೇಳಿದರು, ‘ಗಿಣಿ, ನಿಮ್ಮತ್ತೆ ಪಾಠ ಮಾಡುವಾಗ ಕೈ ಎತ್ತಿ ಒಂದು ಪ್ರಶ್ನೆ ಕೇಳೇ. ಆ ಕಂಪನಿಯೋರಿಗೆ ಮನೆ ಮಕ್ಕಳು ಅಂತ ಯಾರೂ ಇಲ್ವಾ, ಇವಳಿಗೆ ಒಂದು ಭಾನುವಾರಾನಾದ್ರೂ ಯಾಕೆ ಕೊಡಲ್ಲ ಅಂತ.’ ಗಂಡ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಚೀಲಕ್ಕೆ ತುಂಬುತ್ತ, ‘ಅದೇ ಅಲ್ಲ ಅಮ್ಮ, ಕ್ಯಾಪ್ಟನ್ ಯಾಕೆ ಮಾಡಿಲ್ಲ ಅಂತಾನೂ ಕೇಳ್ಲಿ. ಇವಳ ಹಿಂದೆ ಸೇರಿದೋರೆಲ್ಲ ಆದ್ರು. ಹೆಂಗಸು ಅಂತ ತಾನೆ? ಬಾಯಿಬಿಟ್ಟು ಕೇಳೋರಿಲ್ಲ ಅಂತ’ ಎಂದ. ಅವನು ಹಾಗೆ ಅನ್ನುವಾಗ ಕಿವಿಯ ತುದಿ ಕೆಂಪಾಗುತ್ತಿತ್ತು. ಅವಳ ಪರವಾಗಿ ಅವನು ಹೊತ್ತುಕೊಂಡ ಆ ಸಿಟ್ಟನ್ನು ಅವಳು ಎಷ್ಟೋ ವರ್ಷದಿಂದ ನೋಡುತ್ತಿದ್ದಳು, ಇನ್ನೊಬ್ಬರ ಸಾಮಾನನ್ನು ಹೊತ್ತು ಮೆಟ್ಟಿಲೇರುವವನನ್ನು ಕೆಳಗೆ ನಿಂತು ನೋಡುವ ಹಾಗೆ. ‘ಟೈಮಾಯ್ತು’ ಎಂದಳು. ಅಷ್ಟೇ ಹೇಳಿದಳು.

ಸುಳ್ಳು ಹೇಳಿರಲಿಲ್ಲ ಅವಳು. ಶುರುವಿನಲ್ಲಂತೂ ಇಲ್ಲ. ಮೊದಲ ಆರು ವರ್ಷ ಭಾನುವಾರಗಳು ನಿಜವಾಗಿಯೂ ಅವಳ ಕೈಯಲ್ಲಿರಲಿಲ್ಲ. ಕಂಪನಿ ಎಂದರೆ ಒಂದು ಪಟ್ಟಿ. ಸೇರಿದ ದಿನದ ಪ್ರಕಾರ ಒಂದು ನಂಬರು, ಆ ನಂಬರಿನ ಪ್ರಕಾರ ಸಕಲವೂ. ಪ್ರತಿ ತಿಂಗಳು ಎಲ್ಲರೂ ತಮಗೆ ಯಾವ ವಿಮಾನ, ಯಾವ ರಜೆ ಬೇಕೆಂದು ಕಂಪ್ಯೂಟರಿನಲ್ಲಿ ಬರೆದು ಹಾಕುತ್ತಾರೆ, ಅದಕ್ಕೆ ಬಿಡ್ ಎನ್ನುವುದು. ಯಂತ್ರ ಮೇಲಿನ ನಂಬರಿನಿಂದ ಹಂಚುತ್ತ ಬರುತ್ತದೆ. ಕೆಳಗಿನವರಿಗೆ ಬರುವ ಹೊತ್ತಿಗೆ ಪಾತ್ರೆಯ ತಳದಲ್ಲಿ ಅಂಟಿಕೊಂಡದ್ದೇ ಉಳಿದಿರುತ್ತದೆ. ಆ ದಿನಗಳಲ್ಲಿ ಬಾಗಿಲಲ್ಲಿ ಪೆಟ್ಟಿಗೆ ಹಿಡಿದು ನಿಂತು ‘ಕಂಪನಿ ಕೊಟ್ಟಿದ್ದು, ಏನ್ ಮಾಡೋದು’ ಎನ್ನುತ್ತಿದ್ದಳು. ಅದು ನಿಜವೇ ಆಗಿತ್ತು. ಆಮೇಲೆ ಒಂದೇ ವರ್ಷದಲ್ಲಿ ಹಿರಿಯರು ನಿವೃತ್ತರಾದರು, ಒಂದಷ್ಟು ಜನ ಕ್ಯಾಪ್ಟನ್ ಆಗಿ ಇನ್ನೊಂದು ಪಟ್ಟಿಗೆ ಹೋದರು, ಅವಳ ನಂಬರು ನೀರು ತುಂಬಿದ ಬಾವಿಯಲ್ಲಿ ಕೊಡ ಮೇಲೆದ್ದಂತೆ ಎದ್ದಿತು. ಒಂದು ಮಧ್ಯಾಹ್ನ ಬಿಡ್ ಹಾಕಲು ಕೂತಾಗ ಗೊತ್ತಾಯಿತು, ಕೇಳಿದರೆ ಭಾನುವಾರ ಸಿಗುತ್ತದೆ. ನಾಲ್ಕೂ ಸಿಗುತ್ತವೆ. ಪಕ್ಕದ ಕೋಣೆಯಲ್ಲಿ ಮಗಳು ಏನೋ ಬೀಳಿಸಿ ಅಳುತ್ತಿದ್ದಳು, ಅತ್ತೆ ಸೊಸೆಯ ಹೆಸರು ಹಿಡಿದು ಕರೆಯುತ್ತಿದ್ದರು, ಗಂಡ ‘ನನ್ನ ಕನ್ನಡಕ ಎಲ್ಲಿ’ ಎನ್ನುತ್ತಿದ್ದ. ಪರದೆಯ ಮೇಲೆ ಶುಕ್ರವಾರ ಹೊರಟು ಸೋಮವಾರ ಮರಳುವ ಒಂದು ಸುತ್ತು ಇತ್ತು, ಮಧ್ಯೆ ಮೂವತ್ತು ಗಂಟೆ ಒಂದು ಹೋಟೆಲು. ಒಂದು ತಿಂಗಳು ಮಾತ್ರ ಎಂದುಕೊಂಡಳು. ಅದಾಗಿ ಎಂಟು ವರ್ಷವಾಯಿತು.

ಆ ಹೋಟೆಲಿನಲ್ಲಿ ಏನಿತ್ತೆಂದು ಕೇಳಿದರೆ ಹೇಳುವುದು ಕಷ್ಟ. ಹಿಂಭಾಗದ ಕೋಣೆಯನ್ನೇ ಕೇಳಿ ಪಡೆಯುತ್ತಿದ್ದಳು. ಕಿಟಕಿ ತೆರೆದರೆ ಎದುರಿಗೆ ಇನ್ನೊಂದು ಕಟ್ಟಡದ ಗೋಡೆ, ಗೋಡೆಯ ಮೇಲೆ ಕೆಳಗಿನಿಂದ ಮೇಲಿನವರೆಗೆ ಒಂದು ನೀರಿನ ಕೊಳವೆ. ಅಂಗಿ ಒಗೆದು ಸ್ನಾನದ ಮನೆಯಲ್ಲಿ ಹರವುತ್ತಿದ್ದಳು. ಪರದೆ ಎಳೆದು ಮಲಗುತ್ತಿದ್ದಳು. ಎದ್ದು ಬ್ರೆಡ್ ತಿಂದು ಮತ್ತೆ ಮಲಗುತ್ತಿದ್ದಳು. ಯಾರೂ ಕರೆಯುತ್ತಿರಲಿಲ್ಲ, ಯಾವ ವಸ್ತುವೂ ಕಳೆಯುತ್ತಿರಲಿಲ್ಲ, ಯಾರೂ ಬಾಗಿಲು ತಟ್ಟುತ್ತಿರಲಿಲ್ಲ. ಅಲ್ಲಿ ಯಾರಾದರೂ ಇದ್ದಿದ್ದರೆ, ಒಬ್ಬ ಗಂಡಸು, ಒಂದು ಪ್ರೇಮ, ಹೇಳಿಕೊಳ್ಳುವುದು ಸುಲಭವಿತ್ತೇನೋ. ಜನಕ್ಕೆ ಅರ್ಥವಾಗುವಂಥ ತಪ್ಪು ಅದು. ಗೋಡೆ ನೋಡಲು ಹೋಗುತ್ತೇನೆ ಎಂದರೆ ಯಾರಿಗೆ ಅರ್ಥವಾದೀತು? ಕ್ಯಾಪ್ಟನ್ ಮಾಡುತ್ತೇವೆಂದು ಕಂಪನಿ ಎರಡು ಸಲ ಕರೆದಿತ್ತು. ಎರಡು ಸಲವೂ ಅವಳೇ ಬೇಡವೆಂದು ಬರೆದು ಕೊಟ್ಟಿದ್ದಳು. ಕ್ಯಾಪ್ಟನ್ ಆದರೆ ಆ ಪಟ್ಟಿಯ ಕಟ್ಟಕಡೆಗೆ ಹೋಗಿ ನಿಲ್ಲಬೇಕು, ಮತ್ತೆ ಮೊದಲಿಂದ ಶುರು. ಕೋಣೆ ಕೈತಪ್ಪುತ್ತದೆ. ಮನೆಯಲ್ಲಿ, ‘ಇನ್ನೂ ನನ್ನ ನಂಬರ್ ಬಂದಿಲ್ಲ’ ಎಂದಿದ್ದಳು. ಅದು ಸುಳ್ಳೇ. ಗಂಡನ ಕಿವಿಯ ತುದಿ ಕೆಂಪಾಗಲು ಶುರುವಾದದ್ದು ಅಲ್ಲಿಂದ.

ಕಾರಿನಲ್ಲಿ ಗಿಣಿ ದಾರಿಯುದ್ದಕ್ಕೂ ಮಾತಾಡಿದಳು. ಬ್ಯಾಚಿನಲ್ಲಿ ಹನ್ನೊಂದು ಜನ, ಹಿಂದಿನ ಸಾಲಿನಲ್ಲಿ ಒಬ್ಬ ಗಡ್ಡದವನಿದ್ದಾನೆ, ಮೊದಲು ಸರಕು ವಿಮಾನ ಹಾರಿಸುತ್ತಿದ್ದನಂತೆ, ಎಲ್ಲದಕ್ಕೂ ಪ್ರಶ್ನೆ ಕೇಳಿ ಕೇಳಿ ಎಲ್ಲರ ಟೀ ಟೈಮ್ ತಿನ್ನುತ್ತಾನೆ. ‘ಅತ್ತೆ, ನಿಮಗೂ ಬಿಡಲ್ಲ ಅವನು, ರೆಡಿಯಾಗಿರಿ.’ ಅವಳು ಗೇರು ಬದಲಿಸುತ್ತ ಯೋಚಿಸುತ್ತಿದ್ದಳು, ಪಾಠವನ್ನು ಹೇಗೆ ಹೇಳಿದರೆ ಇವಳಿಗೆ ಅರ್ಥವಾಗದೆ ಉಳಿದವರಿಗೆ ಮಾತ್ರ ಅರ್ಥವಾದೀತು ಎಂದು. ಅಂಥ ಪಾಠ ಯಾವ ಲೋಕದಲ್ಲೂ ಇಲ್ಲ. ಅರ್ಥ ಮಾಡಿಸದಿದ್ದರೆ ಆ ಹನ್ನೊಂದು ಜನ ಒಂದೆರಡು ವರ್ಷ ಕತ್ತಲಲ್ಲಿ ತಡಕುತ್ತಾರೆ, ತಾನು ತಡಕಿದಂತೆ. ಅರ್ಥ ಮಾಡಿಸಿದರೆ ಇವತ್ತು ಸಂಜೆಯೊಳಗೆ ಮನೆಯಲ್ಲಿ ಎಲ್ಲರಿಗೂ ತಿಳಿಯುತ್ತದೆ. ಗಿಣಿಯ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅದಕ್ಕೆ ತಾನೆ ಅವಳು ಗಿಣಿ. ಅತ್ತೆ, ಗಂಡ, ಅವರಿಬ್ಬರನ್ನೂ ಹೇಗೋ ಸಹಿಸಬಹುದು. ಮಗಳು. ಒಂಬತ್ತು ವರ್ಷದವಳಿದ್ದಾಗ ಗೆರೆ ಹಾಳೆಯಲ್ಲಿ ಕಂಪನಿಗೆ ಒಂದು ಕಾಗದ ಬರೆದು, ನಮ್ಮಮ್ಮನಿಗೆ ತಿಂಗಳಿಗೆ ಒಂದು ಭಾನುವಾರ ರಜೆ ಕೊಡಬೇಕಾಗಿ ವಿನಂತಿ, ‘ದೊಡ್ಡೋರ ಕೈಗೇ ಕೊಡು ಅಮ್ಮ, ಗುಮಾಸ್ತರಿಗೆ ಕೊಡ್ಬೇಡ’ ಎಂದಿದ್ದಳು. ‘ಕೊಟ್ಟೆ, ನೋಡ್ತೀವಿ ಅಂದ್ರು’ ಎಂದು ಬಂದು ಹೇಳಿದ್ದಳು ಅವಳು. ಕಾಗದ ಹಾರಾಟದ ಚೀಲದ ಒಳಜೇಬಿನಲ್ಲಿ ಒಂದು ವರ್ಷವಿದ್ದು, ಚೀಲ ಬದಲಿಸಿದಾಗ ಎಲ್ಲಿಯೋ ಹೋಯಿತು. ಹುಡುಕಲಿಲ್ಲ.

ತರಗತಿಯಲ್ಲಿ ಏಸಿ ವಿಪರೀತ ತಣ್ಣಗಿತ್ತು. ಹಿರಿಯ ಕ್ಯಾಪ್ಟನ್ ಕಳಿಸಿದ್ದ ಪುಟಗಳು ಒಂದೊಂದಾಗಿ ಗೋಡೆಯ ಮೇಲೆ ಬಂದವು. ಅವಳ ದನಿ ತನ್ನಷ್ಟಕ್ಕೆ ನಡೆಯಿತು. ವಿಮಾನದಲ್ಲಿ ಪ್ರಯಾಣಿಕರಿಗೆ ಹವಾಮಾನ ಹೇಳುವ ದನಿ ಅದು, ಯಾರನ್ನೂ ಹೆದರಿಸದ ದನಿ. ನಂಬರು ಹೇಗೆ ಬರುತ್ತದೆ ಎಂದು ಹೇಳಿದಳು. ಒಂದೇ ದಿನ ಸೇರಿದವರಲ್ಲಿ ವಯಸ್ಸಾದವರಿಗೆ ಮೇಲಿನ ನಂಬರು, ಚಿಕ್ಕವರಿಗೆ ಕೊನೆಯದು. ‘ಬೇಗ ಹುಟ್ಟಿದ್ದಕ್ಕೆ ಲಾಭ ಸಿಗೋದು ಈ ಒಂದು ಕಡೆ ಮಾತ್ರ’ ಎಂದಾಗ ನಕ್ಕರು. ಮೊದಲ ಒಂದೆರಡು ವರ್ಷ ರಿಸರ್ವ್ ಇರುತ್ತೀರಿ ಎಂದಳು. ಅಂದರೆ ಕೆಲಸವಿಲ್ಲ, ಆದರೆ ರಜೆಯೂ ಅಲ್ಲ. ಫೋನು ಕೈಯಳತೆಯಲ್ಲಿರಬೇಕು, ಕರೆ ಬಂದ ಎರಡು ಗಂಟೆಯೊಳಗೆ ವಿಮಾನ ನಿಲ್ದಾಣದಲ್ಲಿರಬೇಕು. ‘ಸ್ನಾನಕ್ಕೆ ಹೋಗುವಾಗ, ಮೇಡಂ?’ ಎಂದು ಯಾರೋ ಕೇಳಿದರು. ‘ಬಕೆಟ್ಟಿನ ಪಕ್ಕ ಒಂದು ಸ್ಟೂಲ್ ಇಟ್ಕೊಳ್ಳಿ. ನಾನು ಎರಡು ಫೋನ್ ನೀರಿಗೆ ಹಾಕಿದ ಮೇಲೆ ಇಟ್ಕೊಂಡೆ.’ ಯಾರಿಗೂ ದಿನ ಹೇಳಿ ಮಾತು ಕೊಡಬೇಡಿ, ಬರ್ತೀನಿ ಅನ್ನಬೇಡಿ, ನೋಡೋಣ ಅನ್ನಿ. ಕ್ಯಾಪ್ಟನ್ ಆಗುವ ವರ್ಷ ಯಾರೂ ಹೇಳಲಾರರು. ಐದು ಅಂತ ಹೇಳಿ ಸೇರಿಸಿಕೊಂಡಿರುತ್ತಾರೆ, ಹತ್ತಾಗಬಹುದು, ನಾಲ್ಕಾಗಬಹುದು. ಮುಂದಿನ ಪುಟ ಬಂತು. ಹೊಸಬರು ಮಾಡುವ ತಪ್ಪುಗಳು. ಮೊದಲನೆಯದು, ಹಳೆಯ ಬಿಡ್ ಹಾಗೇ ಉಳಿಸುವುದು.

ಅದನ್ನು ಓದಿ ಅವಳು ನೀರು ಕುಡಿದಳು. ಒಂದು ಸಲ ಬರೆದಿಟ್ಟ ಬಿಡ್ ತಾನಾಗಿ ತಿಂಗಳು ತಿಂಗಳೂ ಹೋಗುತ್ತಿರುತ್ತದೆ, ನೀವಾಗಿ ಬದಲಾಯಿಸುವವರೆಗೆ. ನಿಮ್ಮ ಮನೆಯಲ್ಲಿ ಆ ತಿಂಗಳು ಏನಿದೆ ಅಂತ ಯಂತ್ರಕ್ಕೆ ಗೊತ್ತಿರುವುದಿಲ್ಲ. ಕ್ಯಾಲೆಂಡರ್ ಪಕ್ಕದಲ್ಲಿ ಇಟ್ಕೊಂಡು ಕೂತ್ಕೊಳ್ಳಿ. ಹೇಳುತ್ತಿದ್ದಂತೆ ಅಡುಗೆಮನೆಯ ಕ್ಯಾಲೆಂಡರು ಕಣ್ಣಿಗೆ ಕಟ್ಟಿತು. ಎರಡು ವರ್ಷದ ಹಿಂದೆ ಒಂದು ಶನಿವಾರಕ್ಕೆ ಅವಳದೇ ಕೈಯಿಂದ ಹಾಕಿದ ನೀಲಿ ಸುತ್ತು, ಕಿವಿ, ಹತ್ತು ಗಂಟೆ. ಮಗಳ ಕಿವಿಯ ಒಳಗಿನ ಆಪರೇಷನ್ನು. ಆರು ವಾರ ಮೊದಲೇ ಡಾಕ್ಟರು ಕೊಟ್ಟ ದಿನ. ಬಿಡ್ ತೆರೆದಿದ್ದ ಐದು ದಿನವೂ ಅವಳು ಮನೆಯಲ್ಲೇ ಇದ್ದಳು. ದಿನಾ ಆ ಕ್ಯಾಲೆಂಡರಿನ ಮುಂದೆ ನಿಂತು ಹಾಲು ಕಾಯಿಸಿದ್ದಳು. ಬದಲಾಯಿಸಬೇಕು ಎಂದು ಸೋಮವಾರ ಅಂದುಕೊಂಡದ್ದು ನೆನಪಿದೆ. ಮಂಗಳವಾರದ್ದು ನೆನಪಿಲ್ಲ. ಶನಿವಾರ ಹತ್ತು ಗಂಟೆಗೆ ಹಿಂಭಾಗದ ಕೋಣೆಯಲ್ಲಿ ಪರದೆ ಎಳೆದು ಕೂತು ಗಂಡನ ಫೋನಿಗೆ ಕಾದಿದ್ದಳು. ಎಲ್ಲ ಸರಿಹೋಯಿತು, ಇಂಥ ದಿನವೂ ಬಿಡಲಿಲ್ಲವಲ್ಲ ನಿನ್ನನ್ನ ಎಂದ ಅವನು. ಎಲ್ಲ ಸರಿಹೋಯಿತು ಎಂದ ಮೇಲೆ ನಿದ್ದೆ ಬಂತು, ಒಳ್ಳೆಯ ನಿದ್ದೆ. ಅದನ್ನು ಎಲ್ಲಿಡಬೇಕೋ ಇಂದಿಗೂ ಅವಳಿಗೆ ತಿಳಿಯದು. ಮರೆತಿದ್ದಳೇ? ಮರೆಯುವುದನ್ನು ಯಾರಾದರೂ ಐದು ದಿನ ಕಾದು ಕೂತು ಮಾಡುತ್ತಾರೆಯೇ?

ಟೀ ಬಿಡುವಿನಲ್ಲಿ ಎಲ್ಲರೂ ಹೊರಗಿನ ನೋಟಿಸು ಹಲಗೆಯ ಮುಂದೆ ಗುಂಪುಕಟ್ಟಿದರು. ಆ ತಿಂಗಳ ಪಟ್ಟಿ ಹಚ್ಚಿದ್ದರು, ಒಟ್ಟು ಮುನ್ನೂರ ನಲವತ್ತು ಫಸ್ಟ್ ಆಫೀಸರ್‌ಗಳು, ಎದುರಿಗೆ ಸೇರಿದ ದಿನ. ಹತ್ತು ಜನ ಬಗ್ಗಿ ಕೆಳಗಿನ ಸಾಲುಗಳಲ್ಲಿ ತಮ್ಮನ್ನು ಹುಡುಕಿಕೊಳ್ಳುತ್ತಿದ್ದರು. ಗಡ್ಡದವನು, ‘ಮುನ್ನೂರ ಮೂವತ್ತು, ನೆಲಮಾಳಿಗೆ ಅಲ್ಲ, ಅದರ ಮೇಲಿನ ಮಹಡಿ’ ಎಂದು ನಗುತ್ತಿದ್ದ. ಗಿಣಿಯೊಬ್ಬಳು ಬಗ್ಗಿರಲಿಲ್ಲ. ಕೊನೆಯ ನಂಬರು ತನ್ನದೇ ಎಂದು ಅವಳಿಗೆ ಗೊತ್ತಿತ್ತು, ಎಲ್ಲರಿಗಿಂತ ಚಿಕ್ಕವಳು. ಅವಳು ಮುಂಗಾಲಿನ ಮೇಲೆ ನಿಂತು ಬೆರಳನ್ನು ಪಟ್ಟಿಯ ತಲೆಯ ಮೇಲಿಟ್ಟಿದ್ದಳು. ಬೆರಳು ಒಂದು ಸಾಲು ಕೆಳಗಿಳಿದು ನಿಂತಿತು. ದೂರದಲ್ಲಿ ನಿಂತು ನೋಡುತ್ತಿದ್ದ ಅವಳಿಗೆ ಆ ಬೆರಳು ತನ್ನ ಬೆನ್ನಿನ ಮೇಲಿಟ್ಟಂತಾಯಿತು. ಗಿಣಿ ತಿರುಗಿ ನೋಡಲಿಲ್ಲ. ಪೇಪರ್ ಲೋಟ ತೆಗೆದುಕೊಂಡು ಕಿಟಕಿಯ ಬಳಿ ಹೋಗಿ ಒಬ್ಬಳೇ ನಿಂತಳು.

ಎರಡನೇ ಭಾಗದಲ್ಲಿ ಗಡ್ಡದವನು ಕೈ ಎತ್ತಿದ. ‘ತಪ್ಪು ತಿಳೀಬೇಡಿ ಮೇಡಂ. ಪಟ್ಟೀಲಿ ನಿಮ್ಮದು ಎರಡನೇ ನಂಬರು. ಮತ್ತೆ ಕ್ಯಾಪ್ಟನ್ ಯಾಕೆ ಆಗಿಲ್ಲ?’ ಹನ್ನೊಂದು ಜೊತೆ ಕಣ್ಣು ಅವಳ ಹೆಗಲಿನ ಮೂರು ಗೆರೆಗಳ ಮೇಲೆ ಬಂದು ಕೂತವು. ‘ಕರೆದಿದ್ರು. ಎರಡು ಸಲ. ನಾನೇ ಬೇಡ ಅಂದೆ’ ಎಂದಳು. ಇಷ್ಟು ಸಲೀಸಾಗಿ ಹೊರಬಂದ ಮಾತಿಗೆ ಅವಳೇ ಬೆರಗಾದಳು. ಇಲ್ಲಿ ಅದು ದೊಡ್ಡ ಸಂಗತಿಯೇ ಅಲ್ಲ. ‘ಒಂದನೇ ನಂಬರಿನವರೂ ಹಾಗೇ. ಅವರು ಜೇನು ಸಾಕ್ತಾರೆ. ಕ್ಯಾಪ್ಟನ್ ಆದ್ರೆ ಪೆಟ್ಟಿಗೆ ನೋಡ್ಕೊಳ್ಳೋಕೆ ರಜೆ ಸಿಗಲ್ಲ ಅಂತ ಆಗ್ಲಿಲ್ಲ. ಸಣ್ಣ ಪಟ್ಟಿಯ ತಲೇಲಿರ್ಬೇಕೋ, ದೊಡ್ಡ ಪಟ್ಟಿಯ ಕಾಲಲ್ಲಿರ್ಬೇಕೋ, ಅದು ಅವರವರಿಗೆ ಬಿಟ್ಟಿದ್ದು.’ ಗಡ್ಡದವನು ತಲೆ ಆಡಿಸಿ ಮೃದುವಾಗಿ, ‘ನಿಮಗೆ ಮನೆ, ಮಕ್ಕಳು. ಅಮ್ಮಂದಿರು ಮಾಡೋ ತ್ಯಾಗ ಯಾವ ಪಟ್ಟೀಲೂ ಬರಲ್ಲ ಬಿಡಿ ಮೇಡಂ’ ಎಂದ. ಯಾರೋ ಹೌದು ಹೌದು ಎಂದರು. ಆ ಹೊಗಳಿಕೆಯನ್ನು ತಳ್ಳಿಹಾಕಲು ಒಂದು ಕ್ಷಣವಿತ್ತು. ಅವಳು ‘ಹೂಂ’ ಎಂದು ಮುಂದಿನ ಪುಟಕ್ಕೆ ಹೋದಳು. ಗಿಣಿ ತಲೆ ಬಗ್ಗಿಸಿ ಪುಸ್ತಕದಲ್ಲಿ ಏನೋ ಬರೆದುಕೊಳ್ಳುತ್ತಿದ್ದಳು, ಬರೆಯುವಂಥದ್ದು ಏನೂ ಇರಲಿಲ್ಲ.

ಮರಳುವಾಗ ಗಿಣಿ ಬೆಲ್ಟು ಹಾಕಿಕೊಂಡು ಕಿಟಕಿಯ ಕಡೆ ತಿರುಗಿ ಕೂತಳು. ಮೂರು ಸಿಗ್ನಲ್ ದಾಟಿದವು. ನಾಲ್ಕನೆಯದರಲ್ಲಿ ಕೆಂಪು ದೀಪ ಹತ್ತಿ, ಮುಂದೆ ಒಂದು ಕಸದ ಲಾರಿ ನಿಂತಿತು.

‘ಎಷ್ಟು ವರ್ಷದಿಂದ ಅತ್ತೆ?’

‘ಎಂಟು.’

‘ಅವಳ ಕಿವಿ ಆಪರೇಷನ್ನು ಅದರೊಳಗೇ ಬಂತಲ್ವಾ?’

‘ಬಂತು.’

‘ಆವತ್ತು ನಾನು ಆಸ್ಪತ್ರೇಲಿದ್ದೆ. ಅಮ್ಮನ ಜೊತೆ ಬಂದಿದ್ದೆ.’ ಗಿಣಿ ಕಿಟಕಿಯ ಗಾಜಿಗೆ ಹೇಳುವಂತೆ ಹೇಳಿದಳು. ‘ಒಳಗೆ ಕರ್ಕೊಂಡು ಹೋಗುವಾಗ ಅವಳು ಅಳ್ಲಿಲ್ಲ. ಅಮ್ಮನಿಗೆ ಕಂಪನಿಯೋರು ರಜೆ ಕೊಡ್ಲಿಲ್ಲ ಅಂತ ನರ್ಸಿಗೆ ತಾನೇ ಹೇಳಿದ್ಲು. ನರ್ಸು ಕೇಳಿರ್ಲೂ ಇಲ್ಲ.’

ದೀಪ ಹಸಿರಾಯಿತು, ಲಾರಿ ಹೊರಡಲಿಲ್ಲ. ಹಿಂದಿನವನು ಹಾರನ್ ಒತ್ತಿದ. ಏನಾದರೂ ಹೇಳಬೇಕಿತ್ತು, ಬಿಡ್ ತಾನಾಗಿ ಹೋಯಿತು ಎನ್ನಬಹುದಿತ್ತು, ಈಗ ಗಿಣಿಗೆ ಅದು ಅರ್ಥವಾಗುವ ಮಾತು. ತಾನೇ ಅರ್ಥ ಮಾಡಿಸಿದ್ದಳಲ್ಲ. ‘ನೀನು ಮನೇಲಿ ಹೇಳ್ತೀಯಾ?’ ಎಂದುಬಿಟ್ಟಳು. ಕೇಳಿದ ಕೂಡಲೇ ನಾಚಿಕೆಯಾಯಿತು. ತನ್ನ ಅರ್ಧ ವಯಸ್ಸಿನವಳ ಮುಂದೆ, ಅಂಗಡಿಯಲ್ಲಿ ಏನೋ ಎತ್ತಿಕೊಂಡು ಸಿಕ್ಕಿಬಿದ್ದವಳ ದನಿ. ಲಾರಿ ಹೊರಟು ಸ್ವಲ್ಪ ದೂರ ಹೋದ ಮೇಲೆ ಗಿಣಿ, ‘ನನಗೆ ಮುಂದಿನ ತಿಂಗಳಿಂದ ರಿಸರ್ವು’ ಎಂದಳು, ಅದೇ ಉತ್ತರವೆಂಬಂತೆ.

ಮನೆಗೆ ಬಂದಾಗ ನಾಲ್ಕೂವರೆ. ಅತ್ತೆ ಮೇಜಿನ ಮೇಲೆ ಬಟಾಣಿ ಬಿಡಿಸುತ್ತಿದ್ದರು. ಗಂಡ ಆಗಲೇ ಬಂದು ಉತ್ತರಪತ್ರಿಕೆಗಳನ್ನು ಹರಡಿಕೊಂಡಿದ್ದ. ಮಗಳು ಶಾಲೆಯ ಬಟ್ಟೆಯಲ್ಲೇ ಒಂದು ಕಾಲು ಮಡಿಸಿ ಕುರ್ಚಿಯ ಮೇಲೆ ಕೂತು ಬ್ರೆಡ್ಡಿನ ಅಂಚು ಕಿತ್ತು ಪಕ್ಕಕ್ಕಿಡುತ್ತಿದ್ದಳು. ಅವಳ ಎಡಗಡೆ ಕೂತು ಮಾತಾಡಿದರೆ ಈಗಲೂ ಸ್ವಲ್ಪ ತಡವಾಗಿ ತಿರುಗುತ್ತಾಳೆ. ಬಲಗಡೆಯ ಕುರ್ಚಿ ಖಾಲಿ ಇತ್ತು. ಅವಳು ಅಲ್ಲಿ ಕೂತಳು. ಹೆಗಲಿನ ಪಟ್ಟಿ ತೆಗೆಯಲೂ ಆಯಾಸವೆನಿಸಿತ್ತು.

‘ಏನಮ್ಮಾ ಪೈಲಟ್ಟು’ ಎಂದ ಗಂಡ ಗಿಣಿಗೆ, ಕೆಂಪು ಪೆನ್ನಿನ ಮುಚ್ಚಳ ಹಾಕುತ್ತ. ‘ಏನು ಹೇಳ್ಕೊಟ್ಲು ನಿಮ್ಮತ್ತೆ? ನಮ್ಮನೆಗೆ ಭಾನುವಾರ ಯಾವಾಗ ಬರುತ್ತಂತೆ?’

‘ನಾನು ಹೇಳಿದ ಪ್ರಶ್ನೆ ಕೇಳಿದ್ಯೇನೇ?’ ಎಂದರು ಅತ್ತೆ.

ಗಿಣಿ ಚಹಾದ ಲೋಟಕ್ಕೆ ಸಕ್ಕರೆ ಹಾಕಿ ಕಲಕಿದಳು. ‘ಅದೆಲ್ಲ ದೊಡ್ಡ ಲೆಕ್ಕ ಅಜ್ಜಿ. ಕಂಪ್ಯೂಟರ್ ಮಾಡುತ್ತೆ. ಯಾರ ಕೈಲೂ ಏನೂ ಇಲ್ಲ.’ ಚಮಚ ಲೋಟದ ಅಂಚಿಗೆ ಒಂದು ಸಲವೂ ತಾಗಲಿಲ್ಲ. ‘ಕ್ಯಾಪ್ಟನ್ ವಿಷಯಾನೂ ಹಾಗೇ ಮಾವ. ಬರುವಾಗ ಬರುತ್ತೆ.’

‘ಹಾಳು ಕಂಪ್ಯೂಟರು. ಅದಕ್ಕೂ ಗಂಡಸ್ರೇ ಬುದ್ಧಿ ಹೇಳ್ಕೊಟ್ಟಿರ್ತಾರೆ’ ಎಂದರು ಅತ್ತೆ. ಗಂಡ ನಕ್ಕ.

ಉಸಿರು ಹಗುರಾಗಬೇಕಿತ್ತು. ಆಗಲಿಲ್ಲ. ಅವಳು ಗಿಣಿಯ ಮುಖ ನೋಡಿದಳು. ಬೆಳಗ್ಗೆ ಟೈ ಕಟ್ಟಲು ಬಾರದ ಹುಡುಗಿಯ ಮುಖದಲ್ಲಿ ಈಗ ಒಂದು ನಯವಾದ ಬಾಗಿಲು ಮುಚ್ಚಿತ್ತು, ಅದರ ಹಿಡಿಕೆ ಎಲ್ಲಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರನ್ನೂ ಹೆದರಿಸದ ಆ ದನಿಯನ್ನು ಕಲಿಯಲು ತನಗೆ ಆರು ವರ್ಷ ಹಿಡಿದಿತ್ತು. ಇವಳಿಗೆ ಒಂದು ದಿನ ಸಾಕಾಯಿತು. ಯಾಕೆ ಹೇಳಿದಳು? ಕನಿಕರಕ್ಕೋ? ಮುಂದೆ ತನಗೂ ಬೇಕಾದೀತೆಂದೋ? ಅವಳು ಲೋಟ ಎತ್ತಿಕೊಂಡಳು, ಕುಡಿಯಲಿಲ್ಲ. ಆಗ ಮಗಳು ಬ್ರೆಡ್ಡಿನ ಪುಡಿಯಿದ್ದ ಕೈಯನ್ನು ಅವಳ ಮೊಣಕೈಯ ಮೇಲಿಟ್ಟು, ದೊಡ್ಡವರು ಮಾತಾಡುವ ಹಾಗೆ, ‘ಬಿಡು ಅಮ್ಮ. ನಿನ್ನ ತಪ್ಪಲ್ವಲ್ಲ’ ಎಂದಳು.

‘ನನ್ನ ಕೈಲಿದೆ’ ಎಂದಳು ಅವಳು.

ಯಾರಿಗೂ ತಿಳಿಯಲಿಲ್ಲ. ಗಿಣಿಯ ಚಮಚ ನಿಂತಿತು. ಅವಳು ಮತ್ತೆ ಹೇಳಿದಳು, ಬೆಳಗಿನ ಪಾಠದ್ದೇ ಮಾತುಗಳು, ಬೇರೆ ಮಾತು ಸಿಗಲಿಲ್ಲ. ಪಟ್ಟಿ, ನಂಬರು, ಬಿಡ್. ಎಂಟು ವರ್ಷದಿಂದ ಕೇಳಿದ್ದು ಸಿಗುತ್ತದೆ. ಭಾನುವಾರ ಕೇಳಿದ್ದರೆ ಸಿಗುತ್ತಿತ್ತು. ಕೇಳಲಿಲ್ಲ. ಕ್ಯಾಪ್ಟನ್ ಮಾಡುತ್ತೇವೆ ಅಂದರು, ಬೇಡವೆಂದೆ. ಹೇಳುತ್ತ ಹೋದಂತೆ ದನಿ ಒಣಗಿ ಬಂತು. ಅತ್ತೆಯ ಕೈಯಲ್ಲಿ ಬಟಾಣಿಯ ಸಿಪ್ಪೆ ಅರ್ಧ ತೆರೆದು ಹಾಗೇ ಇತ್ತು.

ಮಗಳು ಕೈ ತೆಗೆದುಕೊಂಡಿದ್ದಳು. ‘ಆಪರೇಷನ್ ದಿನ?’

‘ಗೊತ್ತಿತ್ತು. ಬದಲಾಯಿಸೋಕೆ ಐದು ದಿನ ಇತ್ತು. ಬದಲಾಯಿಸ್ಲಿಲ್ಲ.’

‘ಮರೆತ್ಯಾ?’

ಅದೊಂದು ಬಾಗಿಲು. ಮಗಳೇ ತೆಗೆದು ಹಿಡಿದುಕೊಂಡು ನಿಂತಿದ್ದಳು, ಒಳಗೆ ಹೋದರೆ ಸಾಕಿತ್ತು. ‘ಗೊತ್ತಿಲ್ಲ’ ಎಂದಳು ಅವಳು. ‘ನಿಜವಾಗ್ಲೂ ಗೊತ್ತಿಲ್ಲ.’

‘ನೀನು ಹೋಗೋ ಕಡೆ ಏನಿದೆ?’

‘ಏನೂ ಇಲ್ಲ. ಮಲಗ್ತೀನಿ.’

‘ಮಲಗೋಕೆ ಅಷ್ಟು ದೂರ ಹೋಗ್ಬೇಕಾ?’ ಎಂದರು ಅತ್ತೆ. ಅಣಕವಿರಲಿಲ್ಲ ಆ ಮಾತಿನಲ್ಲಿ. ಹಾಗೆ ಹೋಗಿ ಮಲಗಬಹುದೆಂಬುದೇ ಗೊತ್ತಿಲ್ಲದೆ ಎಪ್ಪತ್ತು ವರ್ಷ ಕಳೆದವರ ಹಾಗೆ ಕೇಳಿದರು. ಗಂಡ ಉತ್ತರಪತ್ರಿಕೆಗಳನ್ನು ಒಟ್ಟುಮಾಡಿ ಮೇಜಿಗೆ ಕುಟ್ಟಿ ಅಂಚು ಸರಿಮಾಡಿದ, ಮತ್ತೆ ಕುಟ್ಟಿದ. ‘ಎಲ್ಲರ ಹತ್ರಾನೂ ಹೇಳ್ಕೊಂಡು ಬಂದೆನಲ್ಲೇ’ ಎಂದ ಕೊನೆಗೆ. ‘ಸ್ಟಾಫ್ ರೂಮಲ್ಲಿ, ಅಕ್ಕನ ಮನೇಲಿ, ಸಿಕ್ಕಿದೋರಿಗೆಲ್ಲ.’ ಅವನ ಕಿವಿಯ ತುದಿ ಕೆಂಪಾಗಿರಲಿಲ್ಲ, ಬಿಳಿಚಿತ್ತು. ಅವನು ಎದ್ದು ಹೋಗುತ್ತಾನೆ ಎಂದುಕೊಂಡಳು. ಹೋಗಲಿಲ್ಲ. ಎಲ್ಲಿಗೆ ಹೋಗುವುದೆಂದು ತಿಳಿಯದವನಂತೆ ಕೂತೇ ಇದ್ದ.

‘ಮುಂದಿನ ತಿಂಗಳದ್ದು?’ ಎಂದಳು ಮಗಳು.

‘ಹಳೇದೇ ಇದೆ. ನಾಳೆ ಮಧ್ಯಾಹ್ನದವರೆಗೆ ಬದಲಾಯಿಸಬಹುದು.’

‘ಬದಲಾಯಿಸ್ತೀಯಾ?’

ಹೌದೆಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದರ ಹಿಂದೆಯೇ ಆ ಕೋಣೆ ಬಂತು. ಎಳೆದ ಪರದೆ, ಸ್ನಾನದ ಮನೆಯಲ್ಲಿ ತೊಟ್ಟಿಕ್ಕುವ ಅಂಗಿ, ಕರೆಯದಿರುವ ಫೋನು. ಇಷ್ಟೆಲ್ಲ ಆದ ಮೇಲೂ ಬೇಕೆನ್ನಿಸುತ್ತಿತ್ತು, ಅದೇ ಅವಳನ್ನು ಹೆದರಿಸಿತು. ‘ನೀನು ಹೇಳು. ನೀನು ಹೇಳಿದ ಹಾಗೆ ಹಾಕ್ತೀನಿ’ ಎಂದಳು.

ಮಗಳು ಅವಳನ್ನೇ ನೋಡಿದಳು. ಹದಿಮೂರು ವರ್ಷದ ಕಣ್ಣುಗಳಲ್ಲಿ ನೀರಿರಲಿಲ್ಲ. ‘ನಾನು ಯಾಕೆ ಹೇಳ್ಬೇಕು? ನಾನು ಹೇಳಿದ್ರೆ ಆಮೇಲೆ ಅದನ್ನೂ ಮಗಳು ಕೊಟ್ಟಿದ್ದು ಅಂತೀಯ.’

ಗಿಣಿ ಎದ್ದು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿಯ ನೀರು ಬಿದ್ದ ಸದ್ದು, ನಿಂತ ಸದ್ದು. ಇತ್ತ ಅವಳು ತನ್ನ ಕಂಪ್ಯೂಟರನ್ನು ಚೀಲದಿಂದ ತೆಗೆದು ಮೇಜಿನ ಮೇಲೆ, ಬಟಾಣಿಯ ಸಿಪ್ಪೆಗಳ ನಡುವೆ ಇಟ್ಟು ತೆರೆದಳು. ಎಂಟು ವರ್ಷದಲ್ಲಿ ಮೊದಲ ಬಾರಿಗೆ ಎಲ್ಲರ ಮುಂದೆ. ಹಳೆಯ ಬಿಡ್ ಅಲ್ಲಿತ್ತು, ತನ್ನದೇ ಆದರೂ ಯಾರೋ ಬರೆದಿಟ್ಟಂತೆ. ನಾಲ್ಕು ವಾರ, ನಾಲ್ಕು ಶುಕ್ರವಾರ. ಮೊದಲನೆಯದನ್ನು ಅಳಿಸಿದಳು. ಮೂರನೆಯದನ್ನು ಅಳಿಸಿದಳು. ಎರಡನೆಯದರ ಮೇಲೆ ಬೆರಳು ನಿಂತಿತು, ಬಹಳ ಹೊತ್ತು ನಿಂತಿತು. ಅಳಿಸಿದರೆ ಈ ಸಂಜೆ ಒಳ್ಳೆಯದಾಗಿ ಮುಗಿಯುತ್ತಿತ್ತು, ಮತ್ತೆ ಒಂದೆರಡು ತಿಂಗಳಲ್ಲಿ ಯಾರಿಗೂ ಗೊತ್ತಾಗದ ಹಾಗೆ ಬೇರೆ ಏನಾದರೂ ಶುರುವಾಗುತ್ತಿತ್ತು. ಅವಳು ಬೆರಳು ತೆಗೆದಳು.

‘ಎರಡು ಭಾನುವಾರ ಮನೇಲಿರ್ತೀನಿ’ ಎಂದಳು. ‘ಎರಡು ಇರಲ್ಲ. ನಾನೇ ಕೇಳಿದ್ದು.’

ಅತ್ತೆ ಸಿಪ್ಪೆಯಿಂದ ಬಟಾಣಿಯನ್ನು ಬಟ್ಟಲಿಗೆ ಉದುರಿಸಿದರು. ಮಗಳು ಪಕ್ಕಕ್ಕಿಟ್ಟಿದ್ದ ಬ್ರೆಡ್ಡಿನ ಅಂಚನ್ನು ಬೆರಳಿನಿಂದ ಒಂದು ಸಾಲಿಗೆ ಜೋಡಿಸುತ್ತಿದ್ದಳು. ತಲೆ ಎತ್ತದೆ ಕೇಳಿದಳು.

‘ಯಾವ ಎರಡು?’